ಬೆಸುಗೆ ಬೇಡವೆಂದ ತಮ್ಮನಿಗೆ

ಬಿಝೆರ್ತ್, ಹಳೇ ಬಂದರು ಬೀದಿ
೬ ಅಕ್ಟೋಬರ್ ೧೯೯೬, ಭಾನುವಾರ

ಪ್ರೀತಿಯ ತಮ್ಮ ಲಮೀನ್‌ಗೆ,

ಅಕ್ಕ ವಸೀಲಾಳ ಸಲಾಮು. ‘ಪ್ರೀತಿಯ’ ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದು ಹಾಕೋಣವೆಂದುಕೊಂಡೆ, ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟೆ. ಹೇಗಿದ್ದೀಯಾ? ಬಲೆಯ ಹಗ್ಗ ಎಳೆದು ಅಂಗೈ ಬಿರಿದಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ಉಪ್ಪುನೀರು ತಾಗಿದ ಗಾಯಕ್ಕೆ ಅಂಗಡಿಯ ಮುಲಾಮು ಹಿಡಿಯುವುದಿಲ್ಲ, ಆಲಿವ್ ಎಣ್ಣೆ ಬೆಚ್ಚಗೆ ಮಾಡಿ ಹಚ್ಚು. ಚಳಿ ಶುರುವಾಗುತ್ತಿದೆ, ಎದೆಗೆ ಉಣ್ಣೆ ಹಾಕದೆ ಹಡಗು ಹತ್ತಬೇಡ. ಇಲ್ಲಿ ನನ್ನ ಸೊಂಟ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಕಲ್ಲಾಗಿದೆ, ಅದು ಹೊಸದಲ್ಲ. ಅಮ್ಮನಿಗೆ ಮಂಡಿನೋವು ಮೊದಲಿನ ಹಾಗೇ ಇದೆ. ಸಕ್ಕರೆ ಬೇಡ ಎಂದರೂ ಚಹಾಕ್ಕೆ ಕದ್ದು ಹಾಕಿಕೊಳ್ಳುತ್ತಾಳೆ, ಬೈದರೆ ‘ಈ ವಯಸ್ಸಲ್ಲಿ ಇನ್ನೇನು ಉಳೀತು’ ಎನ್ನುತ್ತಾಳೆ.

ನಿನಗೆ ಕಾಗದ ಬರೆದು ವರ್ಷಗಳಾದವು. ಶುಕ್ರವಾರದ ಫೋನು ಬಂದ ಮೇಲೆ ಕಾಗದವೇಕೆ ಎಂದು ಬಿಟ್ಟೆವು. ಆದರೆ ಫೋನು ಇರುವುದು ಅಮ್ಮನ ಮಂಚದ ಪಕ್ಕ. ನಾನು ಮಾತಾಡುವಾಗಲೂ ಅವಳು ತಂತಿ ಹಿಡಿದುಕೊಂಡೇ ಕೂತಿರುತ್ತಾಳೆ, ಬಿಟ್ಟರೆ ನೀನು ಎಲ್ಲಿ ಜಾರಿ ಹೋಗುತ್ತೀಯೋ ಎಂಬಂತೆ. ಅವಳೆದುರು ಈ ಮಾತು ಆಡಲಾರೆ. ಅಲ್ಲದೆ ನೀನು ಎರಡು ಶುಕ್ರವಾರದಿಂದ ಫೋನನ್ನೇ ಮಾಡಿಲ್ಲ. ಅವಳು ‘ಸಮುದ್ರದಲ್ಲಿರಬೇಕು ಪಾಪ’ ಎಂದುಕೊಂಡಿದ್ದಾಳೆ. ನೀನು ಸಮುದ್ರದಲ್ಲಿಲ್ಲವೆಂದು ನನಗೆ ಗೊತ್ತು. ಅಪ್ಪನ ಮೋಟಾರ್ ಸೈಕಲ್ ಗಾಡಿಯ ವಿಷಯ ನಿನಗೆ ಗೊತ್ತಿರುವುದೇ, ಮತ್ತೆ ಬರೆಯುವುದೇನಿದೆ ಎಂದು ನಿನಗೆ ಅನ್ನಿಸಬಹುದು. ನಿನ್ನ ಕಡೆಯದು ನಿನಗೆ ಗೊತ್ತು. ಈ ಕಡೆ, ಈ ಮನೆಯ ಬಾಗಿಲಲ್ಲಿ, ಅದು ಹೇಗೆ ನಡೆಯಿತೆಂದು ನಿನಗೆ ಗೊತ್ತಿಲ್ಲ. ಅದನ್ನು ನೀನು ಪೂರ್ತಿ ಓದಬೇಕು. ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳಬೇಡ.

ರಂಜಾನ್ ಹಬ್ಬ ಮುಗಿದ ವಾರ ಚಿಕ್ಕಪ್ಪನ ಅಳಿಯ ಸಿಸಿಲಿಯ ಹಡಗಿನಿಂದ ಇಳಿದು ನೀನು ಕೊಟ್ಟ ಉದ್ದನೆಯ ಪೆಟ್ಟಿಗೆ ತಂದುಕೊಟ್ಟ. ಅಮ್ಮ ಕತ್ತರಿ ತರಲೂ ಬಿಡದೆ ಉಗುರಿನಲ್ಲೇ ಅಂಟುಪಟ್ಟಿ ಕಿತ್ತಳು. ಒಳಗೆ ಎರಡು ಸೈಲೆನ್ಸರು, ಹೊಳೆಯುವ ಹೊಸವು. ಅಮ್ಮ ಒಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಲೆವಸ್ತ್ರದ ಅಂಚಿನಿಂದ ಒರೆಸಿದಳು. ಅದರಲ್ಲಿ ತನ್ನ ಮುಖ ಉದ್ದುದ್ದ ಕಾಣಿಸಿದ್ದಕ್ಕೆ ನಕ್ಕಳು, ಆಮೇಲೆ ಅತ್ತಳು. ‘ನನ್ನ ಮಗ ಮೀನಿನ ಬಲೆ ಎಳೆದೂ ಎಳೆದೂ ಇದನ್ನ ಕೊಂಡಿದ್ದಾನೆ ಕಣೇ. ಅವನ ಕೈಗೆ ದೇವರು ಬಲ ಕೊಡಲಿ, ಅವನು ಮುಟ್ಟಿದ ಮಣ್ಣು ಹೊನ್ನಾಗಲಿ’ ಎಂದು ಹರಸಿದಳು. ಆ ಹರಕೆ ನಿನಗೆ ಸೇರಿರಬೇಕು, ಲಮೀನ್. ಅವಳು ಬಾಯಿ ತುಂಬ ಹರಸಿದ್ದಳು.

ಅಪ್ಪನ ಗಾಡಿಯ ಹಳೆಯ ಸೈಲೆನ್ಸರುಗಳು ಸಮುದ್ರದ ಗಾಳಿಗೆ ತಿಂದು ಹೋಗಿ ಜರಡಿಯಾಗಿದ್ದವು. ಅಪ್ಪ ಹೋದ ಮೇಲೆ ಬಾಗಿಲ ಪಡಸಾಲೆಯಲ್ಲಿ ನಿಂತ ಗಾಡಿಯನ್ನು ನಾನು ಒರೆಸುತ್ತಿದ್ದೆನೇ ಹೊರತು ಸ್ಟಾರ್ಟ್ ಮಾಡಿರಲಿಲ್ಲ. ಸ್ಟಾರ್ಟ್ ಮಾಡಿದರೆ ಬೀದಿಗೆ ಬೀದಿಯೇ ಎದ್ದು ಕೂರುವ ಸದ್ದು. ನೀನು ಫೋನಿನಲ್ಲಿ ‘ಅಕ್ಕಾ, ನೀನೇ ಹಾಕು. ಚಿಕ್ಕವಳಿದ್ದಾಗ ಅಪ್ಪನಿಗೆ ದೀಪ ಹಿಡೀತಿದ್ದೋಳು ನೀನಲ್ವಾ? ಹೊರಗಿನ ಮೆಕ್ಯಾನಿಕ್ಕನ ಕೈ ಅದರ ಮೇಲೆ ಬೀಳೋದು ಬೇಡ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಆಗಸ್ಟಿಗೆ ಬರ್ತೀನಿ. ಇಬ್ಬರೂ ರಾಸ್ ಅಲ್ ಅಬ್ಯದ್‌ಗೆ ಹೋಗೋಣ, ಅಪ್ಪ ಕರ್ಕೊಂಡು ಹೋಗ್ತಿದ್ದ ಹಾಗೆ’ ಎಂದೆ. ಅಪ್ಪ ನಮ್ಮನ್ನು ಕರೆದೊಯ್ಯುವಾಗ ನೀನು ಪೆಟ್ರೋಲ್ ಟ್ಯಾಂಕಿನ ಮೇಲೆ, ನಾನು ಹಿಂದಿನ ಸೀಟಿನಲ್ಲಿ. ಆ ಬೆಳ್ಳಗಿನ ಬಂಡೆಗಳ ತುದಿ ತಲುಪುವ ಹೊತ್ತಿಗೆ ನಿನ್ನ ತೊಡೆ ಬಿಸಿಗೆ ಕೆಂಪಾಗಿರುತ್ತಿತ್ತು, ಆದರೂ ಇಳಿಯಲು ಒಪ್ಪುತ್ತಿರಲಿಲ್ಲ. ನೀನು ಆ ಮಾತು ಎತ್ತಿದ ಮೇಲೆ ನಾನು ಇಲ್ಲವೆನ್ನುವುದುಂಟೇ? ಮದುವೆಯ ಉಡುಪು ಹೊಲಿಯುವ ಮೇಜನ್ನು ಗೋಡೆಗೆ ಸರಿಸಿ, ಅಪ್ಪನ ಸ್ಪ್ಯಾನರುಗಳನ್ನು ಹಾಸಿಕೊಂಡು ನೆಲದ ಮೇಲೆ ಕೂತೆ.

ಕೂತ ಮೇಲೆ ತಿಳಿಯಿತು, ಸೈಲೆನ್ಸರಿನ ಕುತ್ತಿಗೆ ದೊಡ್ಡದು, ಎಂಜಿನ್ನಿನಿಂದ ಬಾಗಿ ಬರುವ ಪೈಪು ಸಣ್ಣದು. ತೊಡಿಸಿದರೆ ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದಂತೆ ಜೋಲುತ್ತಿತ್ತು. ಕ್ಲಾಂಪು ಹಾಕಿ ಬಿಗಿದೆ. ಕ್ಲಾಂಪು ಬಿಗಿಯಿತು, ಕುತ್ತಿಗೆ ಬಿಗಿಯಲಿಲ್ಲ. ಗಟ್ಟಿ ತಗಡು, ಜಗ್ಗುವುದೇ ಇಲ್ಲ. ಎದುರಿನ ವೆಲ್ಡಿಂಗ್ ಅಂಗಡಿಯ ಮೆಕ್ಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಬಾಯಿ ನಿನಗೆ ಗೊತ್ತಲ್ಲ. ‘ಏನಕ್ಕಯ್ಯಾ, ಗಾಡಿಗೆ ಲಂಗ ಹೊಲೀತಿದ್ದೀಯಾ? ಎರಡು ಚುಕ್ಕಿ ಬೆಂಕಿ ಇಟ್ರೆ ಮುಗೀತು. ನಿನ್ನ ಚಹಾ ಆರೋದ್ರೊಳಗೆ ಮಾಡ್ಕೊಡ್ತೀನಿ’ ಎಂದ. ತಮ್ಮ ವೆಲ್ಡಿಂಗ್ ಬೇಡವೆಂದಿದ್ದಾನೆ ಎಂದೆ. ಮೆಕ್ಕಿ ಬಿದ್ದು ಬಿದ್ದು ನಕ್ಕ. ‘ನಿಮ್ಮಪ್ಪ ಹಸ್ಸೂನಾ ಅವರು ಹಡಗುಕಟ್ಟೇಲಿ ಇಡೀ ಹಡಗನ್ನೇ ಬೆಂಕಿಯಲ್ಲಿ ಹೊಲಿದಿಟ್ಟೋರು. ನನ್ನ ಕೈಗೆ ಮೊದಲು ವೆಲ್ಡಿಂಗ್ ಕಡ್ಡಿ ಹಿಡಿಸಿದ್ದೇ ಅವರು. ಅವರ ಮಗನಿಗೆ ಎರಡು ಕೊಳವೆಗೆ ಬೆಂಕಿ ಅಂದ್ರೆ ಭಯಾನಾ? ಇಟಲಿ ಗಾಳಿ ಕಣಮ್ಮಾ, ಇಟಲಿ ಗಾಳಿ!’ ನನಗೆ ಸಿಟ್ಟು ಬಂತು. ‘ನನ್ನ ತಮ್ಮನಿಗೆ ಅಪ್ಪನ ಗಾಡಿ ಅಂದ್ರೆ ಕಣ್ಣು. ಕಣ್ಣಿಗೆ ಯಾರಾದ್ರೂ ಬೆಂಕಿ ಇಡ್ತಾರೇನೋ?’ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಅವನು ಕೈ ಜೋಡಿಸಿ ಒಳಗೆ ಹೋದ.

ನಿಜ ಹೇಳುತ್ತೇನೆ, ಅವನ ಮಾತು ನನ್ನನ್ನೂ ಚುಚ್ಚಿತ್ತು. ಜೀವಮಾನವೆಲ್ಲ ಬೆಸುಗೆ ಹಾಕಿಯೇ ನಮ್ಮ ಹೊಟ್ಟೆ ತುಂಬಿಸಿದ ಮನುಷ್ಯ ಅಪ್ಪ. ಗಾಡಿಯ ಸ್ಟ್ಯಾಂಡು ಮುರಿದಾಗ ಕೆಲಸದ ಜಾಗಕ್ಕೆ ಒಯ್ದು ತಾವೇ ಬೆಸೆದು ತಂದಿದ್ದರು, ಆ ಗುರುತು ಇನ್ನೂ ಅಡಿಯಲ್ಲಿತ್ತು. ಬೆಸುಗೆಯೆಂದರೆ ಮೈಲಿಗೆ ಎಂಬಂತೆ ಅವರು ಎಂದೂ ಆಡಿದವರಲ್ಲ. ಆ ಶುಕ್ರವಾರ ನಿನ್ನನ್ನು ಕೇಳಿದೆ ಕೂಡ. ನೀನು ಗಂಟಲು ತಗ್ಗಿಸಿ, ‘ಅಕ್ಕಾ, ಅಪ್ಪನಿಗೇ ಗೊತ್ತಿತ್ತು ಬೆಂಕಿ ಏನು ಮಾಡುತ್ತೆ ಅಂತ. ಒಂದ್ಸಲ ಬೆಂಕಿ ತಾಗಿದ್ದು ಮತ್ತೆ ಮೊದಲಿನ ಹಾಗಾಗಲ್ಲ ಅಂತ ನನ್ನ ಹತ್ರ ಹೇಳಿದ್ರು. ಆ ಪೈಪು ಅವರು ಕೈ ಇಟ್ಟ ಜಾಗ. ಆಣೆ ಇಡು, ಮೆಕ್ಕಿಯನ್ನ ಹತ್ತಿರ ಬಿಡಲ್ಲ ಅಂತ’ ಎಂದೆ. ಅಪ್ಪ ನಿನ್ನೊಡನೆ ಹೀಗೆಲ್ಲ ಮಾತಾಡಿದ್ದರೆಂದು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ನನ್ನೊಡನೆ ಎಂದೂ ಹೇಳಿರಲಿಲ್ಲವಲ್ಲ ಎಂದು. ಆಣೆ ಇಟ್ಟೆ. ಅಮ್ಮನೂ ಪಕ್ಕದಿಂದ ‘ನಾನೂ ಆಣೆ ಇಡ್ತೀನಿ’ ಎಂದಳು.

ಆಮೇಲೆ ನನಗೆ ತಿಳಿದ ವಿದ್ಯೆಯನ್ನೇ ಹಿಡಿದೆ. ಸಡಿಲ ತೋಳಿಗೆ ಏನು ಮಾಡುತ್ತೇವೆ? ಒಳಗೆ ಪಟ್ಟಿ ಕೊಡುತ್ತೇವೆ. ದಪ್ಪ ಬಟ್ಟೆ ತಿರುಗದಿದ್ದರೆ? ಅಂಚಿಗೆ ಕಚ್ಚು ಕತ್ತರಿಸುತ್ತೇವೆ. ಹ್ಯಾಕ್ಸಾ ಬ್ಲೇಡು ತಂದು ಸೈಲೆನ್ಸರಿನ ಕುತ್ತಿಗೆಗೆ ಸುತ್ತ ನಾಲ್ಕು ಸೀಳು ಹಾಕಿದೆ, ಕ್ಲಾಂಪು ಒತ್ತಿದಾಗ ಅದು ಒಳಕ್ಕೆ ಬಾಗಲೆಂದು. ಹರಿಸ್ಸಾ ಮೆಣಸಿನ ಖಾರ ತುಂಬಿ ಬರುವ ದೊಡ್ಡ ಡಬ್ಬಿಯ ತಗಡನ್ನು ಉದ್ದಕ್ಕೆ ಕತ್ತರಿಸಿ, ಅಂಚಿಗೆ ಎಮರಿ ಕಾಗದ ಉಜ್ಜಿ, ಪೈಪಿಗೆ ಒಂದೇ ಸುತ್ತು ಸುತ್ತಿದೆ. ತಗಡಿನ ಕೂಡುವ ಗೆರೆ ಸೀಳಿನ ಕೆಳಗೆ ಬರಬಾರದು, ಬಂದರೆ ಅಲ್ಲಿಂದಲೇ ಹೊಗೆ ನುಸುಳುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಎರಡು ಡಬ್ಬಿ ಹಾಳು ಮಾಡಿಕೊಂಡು ಕಲಿತೆ. ಹಿಂದಿನ ಕೊಂಡಿ ಹಳೆಯ ತೂತಿಗೆ ಬೆರಳಗಲ ಎಟುಕಲಿಲ್ಲ. ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆಸಿ, ನಡುವೆ ಸೈಕಲ್ ಟೈರಿನ ರಬ್ಬರು ಇಟ್ಟು, ಕಾಲಿಡುವ ಕಂಬಿಯ ಬೋಲ್ಟಿಗೇ ತೂಗು ಹಾಕಿದೆ. ಎಲ್ಲವನ್ನೂ ಮೊದಲು ಸಡಿಲವಾಗಿ ನಿಲ್ಲಿಸಿ, ಕುಪ್ಪಸಕ್ಕೆ ದೊಡ್ಡ ಹೊಲಿಗೆ ಹಾಕಿ ತೊಡಿಸಿ ನೋಡುವ ಹಾಗೆ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದೇ ಬಿಗಿದೆ. ಬಿಗಿಯುವಾಗ ಬೆರಳ ಗೆಣ್ಣು ಸುಲಿದು ರಕ್ತ ಬಂತು, ವಧುವಿನ ಬಿಳಿ ರೇಷ್ಮೆಗೆ ತಾಗದಿರಲೆಂದು ಎಷ್ಟೋ ದಿನ ಬಟ್ಟೆ ಸುತ್ತಿಕೊಂಡು ಹೊಲಿದೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಿಕ್ಕು ಹೊಡೆದೂ ಹೊಡೆದೂ ಮೊಣಕಾಲು ಬಿದ್ದುಹೋಯಿತು. ಹೊತ್ತಿಕೊಂಡಿತು, ಆದರೆ ಆಕ್ಸಿಲರೇಟರು ಬಿಟ್ಟ ಕೂಡಲೇ ಹಬ್ಬದ ಪಟಾಕಿಯಂತೆ ಪಟಪಟ ಸಿಡಿಯಿತು. ಮೆಕ್ಕಿ ಎದುರಿನಿಂದ ‘ಮುಬಾರಕ್, ಗಂಡು ಮಗು!’ ಎಂದು ಕೂಗಿದ. ಎಡಗಡೆಯ ಸಂದಿನಲ್ಲಿ ಮಸಿ ಕೂತಿತ್ತು, ಅಲ್ಲೇ ಗಾಳಿ ಎಳೆಯುತ್ತಿತ್ತು. ಬಿಚ್ಚಿ, ಒಲೆಯ ಬಿರುಕಿಗೆ ಮೆತ್ತುವ ಪೇಸ್ಟನ್ನು ತೆಳ್ಳಗೆ ಸವರಿ, ಮತ್ತೆ ತೊಡಿಸಿ, ಒಣಗಲು ಬಿಟ್ಟು, ಎಂಜಿನ್ನು ಕಾಯಿಸಿ, ಆರಿಸಿ, ಮತ್ತೊಮ್ಮೆ ಬಿಗಿದೆ. ಈ ಸಲ ಸದ್ದು ಬಂದದ್ದು ಹೇಗೆಂದು ಬರೆಯಲಾರೆ. ಅಪ್ಪ ಸಂಜೆ ಪಾಳಿ ಮುಗಿಸಿ ಸೇತುವೆ ದಾಟಿ ಬರುವಾಗಿನ ಅದೇ ಗಂಟಲು, ಸ್ವಲ್ಪ ತಗ್ಗಿ, ಸ್ವಲ್ಪ ದುಂಡಗೆ. ಒಳಗೆ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ಗೋಡೆ ಹಿಡಿದುಕೊಂಡು, ಮಂಡಿ ಮರೆತು, ಪಡಸಾಲೆಗೆ ಬಂದಳು. ಬಂದವಳು ತಲೆವಸ್ತ್ರ ಸರಿ ಮಾಡಿಕೊಂಡಳು ಕಣೋ, ಮನೆಗೆ ಗಂಡಸು ಬಂದ ಹಾಗೆ. ‘ಊಟ ಇನ್ನೂ ಆಗಿಲ್ಲ’ ಎಂದಳು. ಆಮೇಲೆ ತಾನು ಏನೆಂದೆನೆಂದು ತಿಳಿದು ನನ್ನ ಹೆಗಲಿಗೆ ಒರಗಿದಳು. ಮೆಕ್ಕಿಯೂ ಬಂದ. ಸಂದುಗಳ ಸುತ್ತ ಕೈಯಾಡಿಸಿ, ಎಲ್ಲಿಯೂ ಹೊಗೆ ಸೋರದ್ದು ನೋಡಿ, ‘ಒಪ್ಪಿದೆ ಅಕ್ಕಯ್ಯಾ. ನನ್ನ ಅಂಗಡಿ ಬಾಗಿಲು ಹಾಕ್ತೀನಿ, ನೀನೇ ನೋಡ್ಕೋ’ ಎಂದ.

ಶುಕ್ರವಾರ ನಿನಗೆ ಹೇಳುವ ತನಕ ನನಗೆ ನಿದ್ದೆಯಿಲ್ಲ. ಫೋನನ್ನು ಬಾಗಿಲ ತನಕ ಎಳೆದು ಗಾಡಿ ಸ್ಟಾರ್ಟ್ ಮಾಡಿ ಕೇಳಿಸಿದೆ. ನೀನು ಕೂಗಿಕೊಂಡೆ, ಅಕ್ಕಾ ನಿನ್ನ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ: ‘ಹಳೇ ಪೈಪಿಗೆ ಗೀರು ಬಿದ್ದಿಲ್ಲ ತಾನೇ? ಚೇಸಿಗೆ ತೂತು ಕೊರೆದಿಲ್ಲ ತಾನೇ?’ ಇಲ್ಲವೆಂದೆ. ಎರಡನೆಯ ಸಲವೂ ಕೇಳಿದೆ. ಎಷ್ಟು ಜತನ ನನ್ನ ತಮ್ಮನಿಗೆ ಎಂದುಕೊಂಡೆ. ನಿನ್ನ ಜತನಕ್ಕಾಗಿ ಆ ಪೈಪನ್ನು ಹಳೆಯ ಉಣ್ಣೆಯಲ್ಲಿ ಬೂದಿ ಹಾಕಿ ಉಜ್ಜಿ ಹೊಳೆಯಿಸಿದೆ. ಗಾಡಿಯ ಕಾಗದ ಒಂದೇ ಹೆಸರಿನಲ್ಲಿದ್ದರೆ ರಸ್ತೆಯಲ್ಲಿ ಯಾರೂ ಕೇಳುವುದಿಲ್ಲವೆಂದು ನೀನು ಹೇಳಿದಾಗ ನಾನೂ ಅಮ್ಮನೂ ಪುರಸಭೆಗೆ ಹೋಗಿ ನಮ್ಮ ಪಾಲು ನಿನಗೆ ಬಿಟ್ಟು ರುಜು ಹಾಕಿ ಬಂದೆವು. ಅಮ್ಮ ಅಲ್ಲಿನ ಗುಮಾಸ್ತನಿಗೆ, ‘ಮಗ ಆಗಸ್ಟಿಗೆ ಬರ್ತಾನೆ, ಅಕ್ಕನ್ನ ಕೂರಿಸ್ಕೊಂಡು ಹೋಗ್ತಾನೆ’ ಎಂದು ಕೇಳದಿದ್ದರೂ ಹೇಳಿದಳು. ಆಗಸ್ಟಿನಲ್ಲಿ ನೀನು ಹಡಗು ಬಿಡುವುದಿಲ್ಲವೆಂದೆ. ಸೆಪ್ಟೆಂಬರಿನಲ್ಲಿ ‘ನನಗೆ ಪರಿಚಯದ ಒಬ್ಬರು ಲಾ ಮಾರ್ಸಾದಿಂದ ಬರ್ತಾರೆ, ಹಳೇ ಗಾಡಿ ಬಲ್ಲವರು. ಒಂದ್ಸಲ ನೋಡಿ ಹೋಗ್ತಾರೆ, ತೋರಿಸು’ ಎಂದೆ. ನಿನ್ನ ಮಾತಿನಲ್ಲಿ ಅಷ್ಟೇ ಇತ್ತು. ನೋಡಿ ಹೋಗುತ್ತಾರೆ.

ಅವರು ಬಂದ ದಿನ ಅಮ್ಮ ಮೆಂಝೆಲ್ ಜಮೀಲಿಗೆ ಹೋಗಿದ್ದಳು, ಚಿಕ್ಕಮ್ಮನ ಮೊಮ್ಮಗುವಿನ ಏಳನೇ ದಿನದ ಶಾಸ್ತ್ರಕ್ಕೆ. ಡಾಕ್ಟರ್ ಫರ್ಹಾತ್ ಎಂದರು, ಹಲ್ಲಿನ ಡಾಕ್ಟರು, ಈಗ ಕೆಲಸ ಬಿಟ್ಟಿದ್ದಾರಂತೆ. ಬಿಳಿ ಟೋಪಿ, ಮೆಲು ದನಿ, ಬಾಗಿಲಲ್ಲಿ ಬೂಟಿನ ಮಣ್ಣು ಒರೆಸಿಯೇ ಒಳಗೆ ಬಂದರು. ಕಿತ್ತಳೆ ಹೂವಿನ ನೀರು ಹಾಕಿದ ಕಾಫಿ ಕೊಟ್ಟೆ, ಅಮ್ಮ ಮಾಡಿಟ್ಟ ಬಾದಾಮಿ ಬಿಸ್ಕತ್ತು ಕೊಟ್ಟೆ. ನಿನ್ನ ಸ್ನೇಹಿತರೆಂದು ಒಳ್ಳೆಯ ಬಟ್ಟಲು ತೆಗೆದಿದ್ದೆ. ಅವರು ಕರವಸ್ತ್ರ ಹಾಸಿ ಮಂಡಿಯೂರಿ, ಟಾರ್ಚು ಹಿಡಿದು, ರೋಗಿಯ ಬಾಯಿ ನೋಡುವ ಹಾಗೆ ಗಾಡಿಯ ಅಡಿಯನ್ನೆಲ್ಲ ನೋಡಿದರು. ಸ್ಟ್ಯಾಂಡಿನ ಹತ್ತಿರ ಬೆರಳು ನಿಂತಿತು. ‘ಇದು ಯಾರ ಬೆಸುಗೆ?’ ಎಂದರು. ಅಪ್ಪನದು, ಬಹಳ ಹಿಂದಿನದು ಎಂದೆ. ‘ಒಳ್ಳೇ ಕೈ. ಇದು ಇರಲಿ’ ಎಂದರು. ಇರಲಿ ಎನ್ನಲು ಇವರು ಯಾರು ಎಂದು ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದ್ದು ನಿಂತು ಮಂಡಿ ಕೊಡವಿಕೊಂಡು, ಮುಖ ಅರಳಿಸಿ ಹೇಳಿದರು: ‘ನಾನು ಕಳಿಸಿದ ಸೈಲೆನ್ಸರು ಇಷ್ಟು ಚೆನ್ನಾಗಿ ಕೂರುತ್ತೆ ಅಂದ್ಕೊಂಡಿರ್ಲಿಲ್ಲ ತಾಯಿ. ಅಳತೆ ದೊಡ್ಡದಾಯ್ತೇನೋ ಅಂತ ಹೆದರಿಕೆ ಇತ್ತು. ಯಾರ ಕೈಯಲ್ಲಿ ಮಾಡಿಸಿದ್ರಿ?’

ಮಾತು ತಪ್ಪಿ ಆಡಿದರೆಂದುಕೊಂಡೆ. ‘ಸೈಲೆನ್ಸರು ನನ್ನ ತಮ್ಮ ಕಳಿಸಿದ್ದು’ ಎಂದೆ. ‘ಹೌದೌದು, ಅವರ ಕೈಯಲ್ಲೇ ಕಳಿಸಿದ್ದು. ಪಲೆರ್ಮೋದಲ್ಲಿ ಹುಡುಕಿ ನಾನೇ ಆರಿಸಿಕೊಟ್ಟೆ. ನಿಮ್ಮ ತಮ್ಮನಿಗೆ ನಾನು ಹಾಕಿದ್ದು ಒಂದೇ ಷರತ್ತು: ಪೈಪಿಗೆ ವೆಲ್ಡಿಂಗ್ ಮುಟ್ಟಿಸಬಾರದು. ಒಂದ್ಸಲ ಬೆಂಕಿ ತಾಗಿದ್ದು ಮತ್ತೆ ಮೊದಲಿನ ಹಾಗಾಗಲ್ಲ, ಅಂಥದ್ದು ನನಗೆ ಬೇಡ ಅಂದಿದ್ದೆ. ಮಾತು ಉಳಿಸಿಕೊಂಡಿದ್ದಾರೆ. ಮುಂಗಡ ತಗೊಂಡು ಮಾತು ಮರೆಯೋರೇ ಜಾಸ್ತಿ ಈ ಕಾಲದಲ್ಲಿ’ ಎಂದರು. ಲಮೀನ್, ಅದೇ ಮಾತು. ಒಂದು ಅಕ್ಷರ ಆಚೀಚೆ ಇಲ್ಲದೆ ಅದೇ ಮಾತು. ಅಪ್ಪ ನಿನ್ನೊಬ್ಬನ ಹತ್ತಿರ ಹೇಳಿದರೆಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದ ಮಾತು. ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ನಿಂತಿದ್ದೆ, ಕೆಳಗಿಡಲು ತೋಚಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಆ ಮನುಷ್ಯ ಟೋಪಿ ತೆಗೆದು, ‘ಏನಮ್ಮಾ... ನಿಮಗೆ ಗೊತ್ತಿಲ್ವಾ? ನಾನು ಇವತ್ತು ತಗೊಂಡು ಹೋಗೋಕೆ ಬಂದಿದ್ದು’ ಎಂದರು. ಗೊತ್ತು ಎಂದೆ. ‘ಗೊತ್ತು, ತಮ್ಮ ಹೇಳಿದ್ದ, ದಿನ ಮರೆತಿದ್ದೆ’ ಎಂದೆ. ಪರವೂರಿನವರ ಮುಂದೆ ನಿನ್ನ ಮರ್ಯಾದೆ ತೆಗೆಯಲು ಬಾಯಿ ಬರಲಿಲ್ಲ.

ಅವರನ್ನು ಕೂರಿಸಿ ಒಳಗೆ ಹೋಗಿ ನಿನ್ನ ನಂಬರಿಗೆ ಫೋನು ಮಾಡಿದೆ. ನೀನು ಬಾಡಿಗೆಗಿರುವ ಮನೆಯ ಒಡತಿ ಎತ್ತಿಕೊಂಡಳು. ಅರ್ಧಂಬರ್ಧ ನಮ್ಮ ಭಾಷೆಯಲ್ಲೇ ಖುಷಿಯಿಂದ, ‘ಲಮೀನ್ ಇಲ್ಲ, ಲಮೀನ್ ತನ್ನ ದೋಣಿ ನೋಡೋಕೆ ಹೋದ! ಹೊಸ ದೋಣಿ, ಅರ್ಧ ಅವಂದು!’ ಎಂದಳು. ಮುಬಾರಕ್ ಎಂದೆ. ಫೋನಿಟ್ಟೆ. ಆಮೇಲೆ ನಾನು ಮಾಡಿದ್ದನ್ನೂ ಕೇಳು. ಅಪ್ಪನ ಸ್ಪ್ಯಾನರು ತೆಗೆದುಕೊಂಡು ಪಡಸಾಲೆಗೆ ಹೋಗಿ, ಆ ಡಾಕ್ಟರ ಕಣ್ಣೆದುರೇ ಎಡಗಡೆಯ ಕ್ಲಾಂಪು ಬಿಚ್ಚತೊಡಗಿದೆ. ಬೆಸುಗೆಯಿಲ್ಲವಲ್ಲ, ಎರಡು ತಿರುವಿಗೆ ಸಡಿಲವಾಯಿತು. ನಾನು ತೊಡಿಸಿದ್ದನ್ನು ನಾನೇ ಬಿಚ್ಚಿಕೊಳ್ಳುತ್ತೇನೆ, ಬರೀ ಮೈಯ ಗಾಡಿ ಒಯ್ಯಲಿ ಎಂಬ ಹಟ. ಅರ್ಧ ಬಿಚ್ಚಿದ ಮೇಲೆ ಹೊಳೆಯಿತು, ಸೈಲೆನ್ಸರು ಅವರದೇ. ಪೈಪು ನಿನ್ನದು, ನಾನೇ ರುಜು ಹಾಕಿ ಕೊಟ್ಟದ್ದು. ಆ ಇಡೀ ಗಾಡಿಯಲ್ಲಿ ನನ್ನದೆಂಬುದು ಏನಾದರೂ ಇದ್ದರೆ ಹರಿಸ್ಸಾ ಡಬ್ಬಿಯ ಎರಡು ತಗಡಿನ ಚೂರು ಮಾತ್ರ. ಡಾಕ್ಟರು ಟೋಪಿ ಕೈಯಲ್ಲೇ ಹಿಡಿದು, ‘ತಾಯಿ, ನಿಮಗೆ ಮನಸ್ಸಿಲ್ಲದಿದ್ರೆ ನಾನು ಖಾಲಿ ಕೈಯಲ್ಲಿ ಹೋಗ್ತೀನಿ. ಕೊಟ್ಟ ಹಣಾನ ನಿಮ್ಮ ತಮ್ಮನ ಹತ್ರಾನೇ ವಾಪಸ್ ಕೇಳ್ತೀನಿ’ ಎಂದರು. ನಿನ್ನ ದೋಣಿ ನೆನಪಾಯಿತು. ಕ್ಲಾಂಪನ್ನು ಮತ್ತೆ ಬಿಗಿದೆ. ಬಿಗಿದು, ‘ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಂದ್ಸಲ ಬಿಗೀರಿ, ಬಿಸಿಗೆ ಸಡಿಲ ಆಗುತ್ತೆ’ ಎಂದು ಹೇಳಿಯೂ ಕೊಟ್ಟೆ.

ಪಿಕಪ್ಪಿಗೆ ಹತ್ತಿಸಲು ಮೆಕ್ಕಿ ಬಂದ. ಬರುವಾಗ ಬಾಯಿಯಲ್ಲಿ ಏನೋ ತಮಾಷೆ ಇತ್ತು, ನನ್ನನ್ನು ನೋಡಿ ನುಂಗಿಕೊಂಡ. ಹಲಗೆ ಇಟ್ಟು, ಹೆಗಲು ಕೊಟ್ಟು ಏರಿಸಿದ, ಹಗ್ಗ ಅವನೇ ಕಟ್ಟಿದ. ಡಾಕ್ಟರು ಹೋದ ಮೇಲೆ ತನ್ನ ಅಂಗಡಿಗೆ ಹೋಗದೆ ನಮ್ಮ ಕಟ್ಟೆಯ ಮೇಲೆ ಕೂತ. ‘ಇದಕ್ಕೇನಾ ಬೆಂಕಿ ಬೇಡ ಅಂದಿದ್ದು?’ ಎಂದು ಕೇಳಿದ. ನಾನು ಹರಡಿದ್ದ ಸ್ಪ್ಯಾನರುಗಳನ್ನು ಆಯ್ದು ಒಳಗಿಟ್ಟೆ. ಅಂದಿನಿಂದ ಅವನು ನನ್ನನ್ನು ಗೇಲಿ ಮಾಡುವುದನ್ನೇ ಬಿಟ್ಟಿದ್ದಾನೆ. ಅದು ಅವನ ಗೇಲಿಗಿಂತ ಹೆಚ್ಚು ನೋಯುತ್ತದೆ.

ಗಾಡಿ ಹೋಯಿತೆಂದು ನಾನು ಈ ಕಾಗದ ಬರೆಯುತ್ತಿಲ್ಲ. ಕಬ್ಬಿಣ, ಒಂದಲ್ಲ ಒಂದು ದಿನ ಹೋಗುವಂಥದ್ದೇ. ‘ಅಕ್ಕಾ, ಕಂಡವರ ಹಡಗಿನಲ್ಲಿ ಕೂಲಿ ಮಾಡಿ ಸಾಕಾಯ್ತು, ಸ್ವಂತ ದೋಣಿ ಬೇಕು, ಗಾಡಿ ಮಾರ್ತೀನಿ’ ಎಂದು ನೀನು ಒಂದು ಮಾತು ಅಂದಿದ್ದರೆ, ನಾನು ಒಂದು ರಾತ್ರಿ ಅತ್ತು ಬೆಳಿಗ್ಗೆ ನಾನೇ ತೊಳೆದು ಒರೆಸಿ ಕೊಡುತ್ತಿದ್ದೆ. ಅದು ನಿನಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಕೇಳಿದ್ದರೆ ಅಕ್ಕ ಕೊಟ್ಟದ್ದಾಗುತ್ತಿತ್ತು, ನಿನಗೆ ಅದು ಬೇಡವಾಗಿತ್ತೇನೋ. ಅದರ ಬದಲು ಗಿರಾಕಿಯ ಮಾತನ್ನು ಸತ್ತ ಅಪ್ಪನ ಬಾಯಿಗೆ ತುರುಕಿದೆ. ಶುಕ್ರವಾರ ಶುಕ್ರವಾರ ನಾನು ಅಪ್ಪನ ಮಾತು ನಡೆಸುತ್ತಿದ್ದೇನೆಂದುಕೊಂಡು ಗಿರಾಕಿಯ ಮಾತು ನಡೆಸುತ್ತಿದ್ದೆ. ಈಗ ಅಪ್ಪ ನಿಜವಾಗಿ ಆಡಿದ ಮಾತುಗಳನ್ನು ನೆನೆದರೂ ಇದು ಅವರದೋ, ನೀನು ಹೇಳಿಕೊಟ್ಟದ್ದೋ ಎಂದು ಅನುಮಾನ ಬರುತ್ತದೆ. ದೋಣಿಗೆ ಬದಲಾಗಿ ನೀನು ಕೊಟ್ಟದ್ದು ಗಾಡಿಯನ್ನಷ್ಟೇ ಅಲ್ಲ ಎಂಬುದು ನಿನಗೆ ತಿಳಿಯಲಿ. ಆಗಸ್ಟಿನಲ್ಲಿ ಹಾಕಿಕೊಳ್ಳಲೆಂದು ಒಂದು ದಪ್ಪ ಪ್ಯಾಂಟು ಹೊಲಿದಿದ್ದೆ, ಗಾಡಿಯ ಮೇಲೆ ಗಾಳಿ ಹೊಡೆಯುತ್ತದೆಂದು. ಈ ವಯಸ್ಸಿನಲ್ಲಿ ಪ್ಯಾಂಟು! ಬಿಚ್ಚಿ ಪಕ್ಕದ ಮನೆಯವಳಿಗೆ ಬುಟ್ಟಿಯ ಹೊದಿಕೆ ಮಾಡಿಕೊಟ್ಟೆ.

ಬರೆಯಬೇಕಾದ್ದು ಬರೆದೆ. ನಿನಗೆ ಕೆಟ್ಟದಾಗಲೆಂದು ಕೋರಲು ಕೂತರೂ ಬಾಯಿಗೆ ಬರುವುದು ಮತ್ತೇನೋ. ನಿನ್ನ ದೋಣಿಗೆ ಗಾಳಿ ಬೆನ್ನ ಹಿಂದಿರಲಿ, ಬಲೆ ಬರಿದಾಗಿ ಮೇಲೆ ಬಾರದಿರಲಿ, ನೀರಿಗಿಳಿದವನು ದಡಕ್ಕೆ ಮರಳಲಿ. ನಿನ್ನ ಮನೆಯೊಡತಿಗೆ ನನ್ನ ಸಲಾಮು ಹೇಳು, ಅವಳದೇನೂ ತಪ್ಪಿಲ್ಲ. ಉತ್ತರ ಬರೆಯಬೇಕೆಂದಿಲ್ಲ.

ನಿನ್ನ ಅಕ್ಕ,
ವಸೀಲಾ

ಮರೆತದ್ದು, ಸೋಮವಾರ ಬೆಳಿಗ್ಗೆ: ಟಪ್ಪಾಲಿನವನು ಬೀದಿಯ ತುದಿಗೆ ಬಂದಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಇದನ್ನು ಸರಿಯಾಗಿ ಓದಿಕೋ. ಅಮ್ಮ ಮೆಂಝೆಲ್ ಜಮೀಲಿನಿಂದ ಬಂದು ಖಾಲಿ ಪಡಸಾಲೆ ನೋಡಿ ಗಾಡಿ ಎಲ್ಲಿ ಎಂದಾಗ, ನಾನು ಮಾರಿದೆ ಎಂದುಬಿಟ್ಟೆ. ನನಗೆ ಹಣ ಬೇಕಿತ್ತು, ನಿನಗೂ ಹೇಳದೆ, ನಿನ್ನ ರುಜುವನ್ನು ನಾನೇ ಹಾಕಿ ಮಾರಿದೆ ಎಂದೆ. ‘ನನ್ನ ಮಗ ಸಮುದ್ರದಲ್ಲಿ ಮೈ ಹಣ್ಣು ಮಾಡಿಕೊಂಡು ಕಳಿಸಿದ್ದನ್ನ ಹಾಕಿ, ಅವನ ಅಪ್ಪನ ಗಾಡೀನೇ ಮಾರಿಬಿಟ್ಟೆಯಲ್ಲೇ, ನಿನಗೆ ಕೈ ಹೇಗೆ ಬಂತೇ?’ ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಾಳೆ, ತಟ್ಟೆ ನೋಡಿಕೊಂಡು. ನಾನು ಕಣ್ಣೆದುರು ಇರುವವಳು, ಇವತ್ತಲ್ಲ ನಾಳೆ ಕ್ಷಮಿಸಿಯಾಳು. ನೀನು ದೂರದವನು, ಅವಳ ಮನಸ್ಸಿನಿಂದ ಬಿದ್ದರೆ ಎತ್ತಿಡುವವರು ಯಾರೂ ಇಲ್ಲ. ಆದ್ದರಿಂದ ಈ ಶುಕ್ರವಾರ ತಪ್ಪದೆ ಫೋನು ಮಾಡು. ಅವಳು ನನ್ನ ಮೇಲೆ ದೂರು ಹೇಳುತ್ತಾಳೆ, ಅಳುತ್ತಾಳೆ, ಕೇಳಿಸಿಕೋ. ನಿಜ ಹೇಳಬೇಡ. ನನ್ನ ಪರ ವಹಿಸಲೂ ಬೇಡ, ವಹಿಸಿದರೆ ಅವಳಿಗೆ ಅರ್ಥವಾಗಿಬಿಡುತ್ತದೆ. ಎಲ್ಲ ಹೇಳಿ ಮುಗಿಸಿ ಕೊನೆಯಲ್ಲಿ ಅವಳು ‘ಹೋಗಲಿ ಬಿಡು, ನನಗೆ ನೀನಾದರೂ ಇದ್ದೀಯಲ್ಲ’ ಎನ್ನುತ್ತಾಳೆ. ಅದಕ್ಕೆ ಏನು ಉತ್ತರ ಕೊಡುತ್ತೀಯೋ, ಈಗಲೇ ಯೋಚಿಸಿಟ್ಟುಕೋ.